ಹಬ್ ಲಾಕ್ ನಮ್ಮ ಕೈಯಲ್ಲೇ ಇರಲಿ

ಕಳೆದ ಮಳೆಗಾಲದಲ್ಲಿ ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಯಬೇಕಾಗಿದ್ದಾಗ ಮಳೆ ಎರಡೇ ದಿನ ಬಿಡುವು ಕೊಟ್ಟಿತ್ತು. ಮೈಲುತುತ್ತ, ಸುಣ್ಣ, ಪಂಪು, ಆಳುಗಳ ಸಮೇತ ನಮ್ಮ ಫೋರ್ ವೀಲ್ ಪಿಕಪ್ಪು ತೋಟದ ಏರಿನಲ್ಲಿ ನಿಂತುಬಿಟ್ಟಿತು. ಮೀಟರಿನ ಬಳಿ ಫೋರ್ ವೀಲಿನ ದೀಪವೇನೋ ಉರಿಯುತ್ತಿತ್ತು. ತಿರುಗುತ್ತಿದ್ದುದು ಹಿಂದಿನ ಚಕ್ರಗಳು ಮಾತ್ರ. ಕಾರಣ ಆಮೇಲೆ ಸಿಕ್ಕಿತು: ಹಬ್ಬಿಗೆ ಹೋಗುವ ಗೇಣುದ್ದದ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ಮುಂದಿನ ಬಿಡುವಿಗೆ ಕಾಯುವಷ್ಟರಲ್ಲಿ ಕೆಳಗಿನ ತೋಟಕ್ಕೆ ಕೊಳೆರೋಗ ಬಂದಾಗಿತ್ತು.

ಸಂಗತಿ ಇಷ್ಟೇ. ಫೋರ್ ವೀಲ್ ಹಾಕಿದರೆ ಮುಂದಿನ ಪ್ರೊಪೆಲರ್ ಶಾಫ್ಟಿಗೆ ಶಕ್ತಿ ಹೋಗುತ್ತದೆ. ಆದರೆ ಆಕ್ಸಲನ್ನು ಚಕ್ರಕ್ಕೆ ಗಂಟು ಹಾಕುವುದು ಹಬ್ಬು. ಒಂದು ಬದಿಯ ಗಂಟು ಬೀಳದಿದ್ದರೂ ಡಿಫರೆನ್ಷಿಯಲ್ ಆ ಸಡಿಲ ಬದಿಯನ್ನೇ ಸುಮ್ಮನೆ ಸುತ್ತುತ್ತಿರುತ್ತದೆ. ಇನ್ನೊಂದು ಬದಿ ಲಾಕಾಗಿದ್ದೂ ಪ್ರಯೋಜನವಿಲ್ಲ. ನಿರ್ವಾತದಿಂದ ನಡೆಯುವ ಹಬ್ಬಿಗೆ ಕೊಳವೆ, ಸೀಲುಗಳೇ ಜೀವ. ನಮ್ಮ ಕೆಸರು, ಕಲ್ಲು, ಹಳ್ಳದ ನೀರು ಅವಕ್ಕೆ ಶತ್ರು. ತಾನಾಗಿ ಕಚ್ಚಿಕೊಳ್ಳುವ ಇನ್ನೊಂದು ಹಳೆಯ ಜಾತಿಯ ಹಬ್ಬು ದಿಕ್ಕು ಬದಲಾದರೆ ಬಿಟ್ಟು ಮತ್ತೆ ಕಚ್ಚುತ್ತದೆ. ಹೂತ ಗಾಡಿಯನ್ನು ಹಿಂದೆ ಮುಂದೆ ಆಡಿಸುವವನಿಗೆ ಇದಕ್ಕಿಂತ ಕಿರಿಕಿರಿ ಬೇಡ.

ಇವೆರಡಕ್ಕೂ ಬದಲು ಕೈಯಿಂದ ತಿರುಗಿಸುವ ಹಬ್ಬು ಹಾಕಿಸುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಇದೇನೂ ಹೊಸ ಶೋಧವಲ್ಲ. ಮಹಾಯುದ್ಧದಲ್ಲಿ ಉಳಿದ ಜೀಪುಗಳಿಗಾಗಿ ಇಂಥ ಹಬ್ಬು ತಯಾರಿಸಲೆಂದೇ ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ಕಂಪೆನಿ ಕಟ್ಟಿದರು. ಗುಂಡಿಯ ಗುರುತು ನೋಡಿದರೆ ಲಾಕಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ದೀಪವನ್ನು ನಂಬಬೇಕಾಗಿಲ್ಲ.

ಮಳೆಯಲ್ಲಿ ಇಳಿದು ತಿರುಗಿಸುವವರು ಯಾರು ಎಂದು ಮನೆಯ ಹುಡುಗರು ಕೇಳುತ್ತಾರೆ. ಗೇಟು ತೆಗೆಯಲು ಹೇಗೂ ಇಳಿಯುತ್ತೀರಲ್ಲ, ಆಗಲೇ ಎರಡೂ ಬದಿ ತಿರುಗಿಸಿ. ಮಳೆಗಾಲದುದ್ದಕ್ಕೂ ಲಾಕಿನಲ್ಲೇ ಬಿಟ್ಟರೂ ಬಾಧಕವಿಲ್ಲ. ಡಾಂಬರು ರಸ್ತೆಗೆ ಬಂದಾಗ ಒಳಗಿನ ಲಿವರನ್ನು ಟೂ ವೀಲಿಗೆ ತಂದರಾಯಿತು. ಡೀಸೆಲ್ ಉಳಿತಾಯದ ಆಸೆಯಿಂದ ಮಾತ್ರ ಯಾರೂ ಹಾಕಿಸಬೇಡಿ, ಅದು ತೀರ ಅಲ್ಪ. ಆಕ್ಸಲ್ಲಿಗೂ ಚಕ್ರಕ್ಕೂ ಖಾಯಂ ಫ್ಲಾಂಜು ಇರುವ ಹಳೆಯ ಜೀಪಿನವರಿಗೆ ಈ ಖರ್ಚೇ ಬೇಡ.

ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ಆಕ್ಸಲ್ ತುದಿಯ ಹಲ್ಲುಗಳನ್ನೂ ಹಬ್ಬಿನ ಬೋಲ್ಟುಗಳನ್ನೂ ಎಣಿಸಿಕೊಂಡು ಹೋಗಿ. ಹಳೆಯ ನಿರ್ವಾತದ ಕೊಳವೆಯನ್ನು ಭದ್ರವಾಗಿ ಮುಚ್ಚಿಸಬೇಕು. ತೆರೆದು ಬಿಟ್ಟರೆ ನಿರ್ವಾತ ಸೋರಿ ಬ್ರೇಕು ಗಟ್ಟಿಯಾದೀತು. ಗ್ರೀಸು ಮೆತ್ತಿ ತುಂಬುವ ಮೇಸ್ತ್ರಿಯನ್ನು ತಡೆಯಿರಿ. ಅತಿಯಾದ ಗ್ರೀಸಿನಿಂದಲೂ ಲಾಕು ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಲಾಕು ಮಾಡಿ ಬಿಡಿಸುತ್ತಿದ್ದರೆ ತುಕ್ಕು ಹಿಡಿಯದು.

ನಮ್ಮ ಸಂಘದ ಮಳಿಗೆ ಮೇ ತಿಂಗಳಲ್ಲಿ ಮೈಲುತುತ್ತ ತರಿಸಿಡುತ್ತದೆ. ಅದರೊಂದಿಗೆ ಸದಸ್ಯರ ಪಿಕಪ್ಪುಗಳಿಗೆ ಹೊಂದುವ ನಾಲ್ಕಾರು ಜೊತೆ ಹಬ್ಬು, ಗ್ಯಾಸ್ಕೆಟ್ಟುಗಳನ್ನೂ ತರಿಸಬಾರದೇಕೆ? ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಲಿದ್ದೇನೆ. ಬೇಕಾದವರು ತಮ್ಮ ಗಾಡಿಯ ಹಲ್ಲಿನ ಲೆಕ್ಕ ಬರೆದು ತನ್ನಿ.