ಸ್ವಾಮಿ ಈಗ ಏನು ಮಾಡ್ತಿದ್ದಾನೆ?

ನಮ್ಮ ಆಲ್ಕೊಳ ಸರ್ಕಲ್‌ನಿಂದ ಸಾಗರ ರಸ್ತೆ ಹಿಡಿದು ಓಡಾಡುವವರಲ್ಲಿ ಅನೇಕರಿಗೆ ಅರಸಾಳು ಗೊತ್ತಿರುತ್ತದೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಬರುವ ರೈಲು ನಿಲ್ದಾಣ ಅದೇ. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಅಂದಿನಿಂದ ಅರಸಾಳಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ‘ಆ ಸ್ವಾಮಿ ಪಾತ್ರದ ಹುಡುಗ ಈಗ ಏನು ಮಾಡ್ತಿದ್ದಾನೆ?’

ಮಾಸ್ಟರ್ ಮಂಜುನಾಥ್ 1990ರ ಹಿಂದಿಯ ‘ಅಗ್ನಿಪಥ್’ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನೂ ಅಭಿನಯಿಸಿದವರು. ಮುಂದೆ ನಟನೆ ಬಿಟ್ಟು, ಓದು ಮುಗಿಸಿ, ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಇದನ್ನು ಹೇಳಿದರೆ ‘ಅಯ್ಯೋ, ಅಷ್ಟೇನಾ?’ ಎಂಬ ಉತ್ತರ ಬರುತ್ತದೆ. ಓದಿ ಕೆಲಸ ಮಾಡುವುದು ನಮ್ಮ ಮನೆ ಮಗನಿಗಾದರೆ ಗೆಲುವು, ಸ್ವಾಮಿಗಾದರೆ ಸೋಲು! ಡಿಗ್ರಿ ಮುಗಿಸಿ ಎಫ್‌ಡಿಎ, ಪಿಎಸ್‌ಐ ನೋಟಿಫಿಕೇಷನ್ ಕಾಯುತ್ತ ಕೂತ ನಮಗೆ ಈ ಧಾಟಿ ಹೊಸದಲ್ಲ. ಮದುವೆ ಮನೆಯಲ್ಲಿ ‘ಈಗೇನು ಮಾಡ್ಕೊಂಡಿದೀಯಪ್ಪಾ?’ ಎಂದು ಕೇಳುವವರ ದನಿಯೂ ಹೀಗೇ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಬಂದು ಫ್ಲೆಕ್ಸ್ ಹತ್ತಿದವರನ್ನು ಕೇಳಿ, ಇನ್ನೂ ಚೆನ್ನಾಗಿ ಹೇಳುತ್ತಾರೆ.

ಇದು ‘ಅಷ್ಟೇನಾ’ದಲ್ಲೇ ನಿಂತಿದ್ದರೆ ತೊಂದರೆ ಇರಲಿಲ್ಲ. ಬಾಲನಟರಾಗಿದ್ದವರು ದೊಡ್ಡವರಾದ ಮೇಲೆ ಕುಡಿತಕ್ಕೋ ಸಾಲಕ್ಕೋ ಕೇಸಿಗೋ ಸಿಕ್ಕಿಕೊಂಡರೆ ನಾವು ನ್ಯಾಯಾಧೀಶರೇ ಆಗಿಬಿಡುತ್ತೇವೆ. 2014ರಲ್ಲಿ ಹೈದರಾಬಾದಿನಲ್ಲಿ ಒಬ್ಬ ನಟಿಯ ಬಂಧನವಾಯಿತು. ಬಾಲ್ಯದಲ್ಲೇ ರಾಷ್ಟ್ರಪ್ರಶಸ್ತಿ ಪಡೆದವರು. ಅವರ ಹೆಸರು, ಫೋಟೊ ಎಲ್ಲ ಕಡೆ ಹರಿದಾಡಿತು, ಜತೆಗೆ ಅವರದೇ ಎನ್ನಲಾದ ಒಂದು ‘ತಪ್ಪೊಪ್ಪಿಗೆ’ ಹೇಳಿಕೆಯೂ. ಅಂಥ ಮಾತನ್ನು ತಾನು ಆಡಿಯೇ ಇಲ್ಲ ಎಂದು ಅವರು ಆಮೇಲೆ ಹೇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಬಂಧನದ ಸುದ್ದಿ ಓದಿದವರಲ್ಲಿ ಈ ಎರಡನೇ ಸುದ್ದಿ ಓದಿದವರು ಎಷ್ಟು ಮಂದಿ? ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನೀವೂ ಹುಡುಕಬೇಡಿ.

‘ಸಣ್ಣ ವಯಸ್ಸಿಗೆ ದುಡ್ಡು, ಹೆಸರು ಬಂದರೆ ತಲೆ ತಿರುಗುತ್ತೆ’ ಎನ್ನುವುದು ಸಾಮಾನ್ಯ ವಾದ. ಹಾಗಾದರೆ ಪುನೀತ್ ರಾಜ್‌ಕುಮಾರ್ ಅವರಿಗೆ ಯಾಕೆ ತಿರುಗಲಿಲ್ಲ? ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿನ್ನೂ ಬಾಲಕ. 1989ರ ‘ಪರಶುರಾಮ್’ ಆದ ಮೇಲೆ ನಾಯಕನಾಗಿ ‘ಅಪ್ಪು’ ಬಂದದ್ದು 2002ರಲ್ಲಿ. ನಡುವೆ 13 ವರ್ಷ. ‘ಚಿನ್ನಾರಿ ಮುತ್ತ’ನ ವಿಜಯ್ ರಾಘವೇಂದ್ರ ಅವರೂ ‘ನಿನಗಾಗಿ’ಯ ನಾಯಕನಾಗಿ ಮರಳಿದ್ದು ಅದೇ 2002ರಲ್ಲಿ. ಇಬ್ಬರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಇಬ್ಬರ ಬೆನ್ನಿಗೂ ಸಿನಿಮಾ ಗೊತ್ತಿದ್ದ ಮನೆಯೊಂದಿತ್ತು. ಒಬ್ಬರ ತಂದೆ ಡಾ. ರಾಜ್, ಇನ್ನೊಬ್ಬರ ತಂದೆ ನಿರ್ಮಾಪಕ ಎಸ್.ಎ. ಚಿನ್ನೇಗೌಡ. ಪಾತ್ರ ಸಿಗದ ವರ್ಷಗಳಲ್ಲಿ ಊಟಕ್ಕೆ, ಓದಿಗೆ, ಮರ್ಯಾದೆಗೆ ಕುಂದು ಬರುವಂಥ ಮನೆಗಳಲ್ಲ ಅವು. ದನಿ ಒಡೆದು ಮೀಸೆ ಮೂಡುತ್ತಿದ್ದಂತೆ ಯಾವ ಬಾಲನಟನಿಗಾದರೂ ಕೆಲಸ ಹೋಗುತ್ತದೆ. ಅವನು ಮಾಡಿದ ತಪ್ಪೆಂದರೆ ಬೆಳೆದದ್ದು ಮಾತ್ರ. ಆ ಹೊತ್ತಿಗೆ ಮನೆ ಅವನ ದುಡಿಮೆಯ ಮೇಲೇ ನಿಂತಿದ್ದರೆ, ಶಾಲೆ ಎರಡು ವರ್ಷ ಹಿಂದೆ ಬಿದ್ದಿದ್ದರೆ? ಗುಣಕ್ಕಿಂತ ಮೊದಲು ನಾವು ವಿಚಾರಿಸಬೇಕಾದದ್ದು ಬ್ಯಾಂಕ್ ಪಾಸ್‌ಬುಕ್ ಮತ್ತು ಶಾಲೆಯ ಹಾಜರಾತಿಯನ್ನು.

ಅಮೆರಿಕ ಇದನ್ನು ಪೆಟ್ಟು ತಿಂದು ಕಲಿಯಿತು. ಚಾಪ್ಲಿನ್ ಜತೆ 1921ರ ‘ದಿ ಕಿಡ್’ನಲ್ಲಿ ನಟಿಸಿದ ಜಾಕಿ ಕೂಗನ್ ಲಕ್ಷಾಂತರ ಡಾಲರ್ ದುಡಿದ. ಪ್ರಾಯಕ್ಕೆ ಬಂದು ನೋಡಿದರೆ ತಾಯಿ, ಮಲತಂದೆ ಬಹುಪಾಲು ಖರ್ಚು ಮಾಡಿ ಮುಗಿಸಿದ್ದರು. ಅವನು 1938ರಲ್ಲಿ ಕೋರ್ಟಿಗೆ ಹೋದ, ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನ ಕಾಯ್ದೆ ಬಂತು. ಆಗ ಅವನಿಗೆ ಸಿಕ್ಕಿದ್ದು ಚೂರುಪಾರು.

ನಮ್ಮಲ್ಲೂ ಕಾನೂನು ಇಲ್ಲ ಅನ್ನುವಂತಿಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದಾಗ 14 ತುಂಬದ ಮಕ್ಕಳ ದುಡಿಮೆ ನಿಷೇಧಿಸಿ, ಕಲಾವಿದರಿಗೆ ವಿನಾಯಿತಿ ಕೊಟ್ಟರು. 2017ರ ನಿಯಮಗಳು ಅದಕ್ಕೆ ಬೇಲಿ ಹಾಕಿದವು: ದಿನಕ್ಕೆ 5 ಗಂಟೆ ಮೀರಬಾರದು, ವಿರಾಮವಿಲ್ಲದೆ 3 ಗಂಟೆ ದಾಟಬಾರದು, ಸತತ 27 ದಿನಕ್ಕಿಂತ ಹೆಚ್ಚು ದುಡಿಸಬಾರದು, ಗಳಿಕೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನೇಮಕಾತಿ ಪರೀಕ್ಷೆಗೆ ಓದುವವರು ಇವನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ. ಉಳಿದ ಶೇ 80ರ ಲೆಕ್ಕ ಯಾರು ಇಡುತ್ತಾರೆ ಎಂಬುದು ಬೇರೆ ಮಾತು. ರಿಯಾಲಿಟಿ ಷೋನಲ್ಲಿ ಮಗುವಿಗೆ ಸಂಭಾವನೆಯೇ ಇಲ್ಲ, ‘ಸ್ಪರ್ಧಿ’ ಎಂಬ ಬಿರುದು ಮಾತ್ರ ಎಂದಾದರೆ ಶೇ 20 ಯಾವುದರಲ್ಲಿ ತೆಗೆಯುವುದು? ಅಪ್ಪ ಅಮ್ಮನೇ ಮೊಬೈಲ್ ಹಿಡಿದು ದಿನಕ್ಕೆರಡು ರೀಲ್ಸ್ ಮಾಡಿಸಿ ಜಾಹೀರಾತಿನ ದುಡ್ಡು ಎಣಿಸಿಕೊಂಡರೆ 5 ಗಂಟೆ ಲೆಕ್ಕ ಹಾಕುವವರು ಯಾರು? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಂಥ ಮಕ್ಕಳಿಗೂ ಗಳಿಕೆಯ ಪಾಲು ತೆಗೆದಿಡಬೇಕೆಂಬ ಕಾನೂನು 2024ರ ಜುಲೈಯಿಂದ ಜಾರಿಯಲ್ಲಿದೆ.

ಇಂದು ಮುದ್ದಾಗಿ ಮಾತಾಡುವ ಆ ಮಗುವಿನ ವಿಡಿಯೊ ಫಾರ್ವರ್ಡ್ ಮಾಡುವವರು ನಾವೇ. ಹತ್ತು ವರ್ಷದ ನಂತರ ‘ಹೇಗಿದ್ದೋನು ಹೇಗಾದ ನೋಡಿ’ ಎಂಬ ವಿಡಿಯೊ ನೋಡುವವರೂ ನಾವೇ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಸದ್ದಿಲ್ಲದೆ ಕೆಲಸ ಮಾಡಿಕೊಂಡಿರುವ ಮಾಜಿ ಬಾಲನಟರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ. ಹಾಗಾಗಿ ಕೆಟ್ಟವರೇ ಹೆಚ್ಚು ಎಂದು ನಮಗೆ ಅನ್ನಿಸುತ್ತದೆ.

ಆ 2017ರ ನಿಯಮಗಳಲ್ಲಿ ಇನ್ನೊಂದಿದೆ. ಯಾವ ಜಿಲ್ಲೆಯಲ್ಲಿ ಮಗುವನ್ನು ಚಿತ್ರೀಕರಣಕ್ಕೆ ಬಳಸುತ್ತಾರೋ ಆ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಆಗುಂಬೆ, ಜೋಗ, ತೀರ್ಥಹಳ್ಳಿ ಕಡೆ ಕ್ಯಾಮೆರಾ ಇಳಿಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 2017ರಿಂದ ಈವರೆಗೆ ಶಿವಮೊಗ್ಗದಲ್ಲಿ ಇಂಥ ಎಷ್ಟು ಅನುಮತಿ ಕೊಟ್ಟಿದ್ದಾರೆ, ಎಷ್ಟು ಕಡೆ ತಪಾಸಣೆ ನಡೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಶುಲ್ಕ 10 ರೂಪಾಯಿ. ನನ್ನ ಅರ್ಜಿ ಬರೆದಾಗಿದೆ, ಸೋಮವಾರ ಡಿಸಿ ಕಚೇರಿಗೆ ಕೊಟ್ಟು ಬರುತ್ತೇನೆ.