ಒಂಬತ್ತು ಆಸನದ ಪೆಟ್ರೋಲ್ ವ್ಯಾನ್: ಸೀಟು ಎಣಿಸುವ ಮೊದಲು ತೂಕ ನೋಡಿ

ಮೇಲುಕೋಟೆಯ ವೈರಮುಡಿ, ಆದಿಚುಂಚನಗಿರಿಯ ಜಾತ್ರೆ, ಗಂಜಾಂನ ನಿಮಿಷಾಂಬ ದೇವಸ್ಥಾನ, ಕಲ್ಲಹಳ್ಳಿಯ ಭೂವರಾಹಸ್ವಾಮಿ, ಬೀಗರ ಊಟ, ಬಿ.ಜಿ. ನಗರದ ಆಸ್ಪತ್ರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡಬೇಕಾದ ಸಂದರ್ಭಗಳು ವರ್ಷವಿಡೀ ಬರುತ್ತವೆ. ಕಾರಿನಲ್ಲಿ ಐದು ಜನರ ಮೇಲೆ ಹಿಡಿಯುವುದಿಲ್ಲ. ಟೆಂಪೊ ಟ್ರಾವೆಲರ್ ಬಾಡಿಗೆಗೆ ಹಿಡಿದರೆ ಖರ್ಚು ಕೈ ಮೀರುತ್ತದೆ. ಹಾಗಾಗಿ ಒಂಬತ್ತು ಜನ ಕೂರುವ, ಪೆಟ್ರೋಲಿನಲ್ಲಿ ಓಡುವ ವ್ಯಾನ್ ಒಂದಿದ್ದರೆ ಸಾಕು ಎಂದು ಅನೇಕರಿಗೆ ಅನ್ನಿಸುವುದು ಸಹಜ.

ಗಾಡಿ ಕೊಳ್ಳಲು ಹೋದವರು ಬೆಲೆ ಎಷ್ಟು, ಮೈಲೇಜ್ ಎಷ್ಟು, ಎಷ್ಟು ಜನ ಕೂರಬಹುದು ಎಂದು ಕೇಳುತ್ತಾರೆ. ಎಷ್ಟು ತೂಕ ಹೊರುತ್ತದೆ ಎಂದು ಕೇಳುವವರು ಕಡಿಮೆ. ಒಂಬತ್ತು ಜನ ಹತ್ತುವುದು ಬೇರೆ, ಒಂಬತ್ತು ಜನರ ಭಾರವನ್ನು ಗಾಡಿ ಕ್ಷೇಮವಾಗಿ ಹೊತ್ತು ನಿಲ್ಲುವುದು ಬೇರೆ. ಈ ವ್ಯತ್ಯಾಸ ತಿಳಿದರೆ ಕಂಪನಿಯವರು ಕೊಡುವ ತಾಂತ್ರಿಕ ವಿವರದ ಹಾಳೆಯನ್ನು ಯಾರು ಬೇಕಾದರೂ ಓದಬಹುದು.

ಒಂಬತ್ತು ಎಂಬ ಗೆರೆ

ವಾಹನಗಳ ವರ್ಗೀಕರಣದಲ್ಲಿ ಎಂ-1 ಎಂಬ ವರ್ಗವಿದೆ. ಚಾಲಕರ ಸೀಟು ಬಿಟ್ಟು ಎಂಟು ಆಸನಗಳಿಗೆ ಮೀರದ ಪ್ರಯಾಣಿಕ ವಾಹನಗಳು ಇದರಲ್ಲಿ ಬರುತ್ತವೆ. ಅಂದರೆ ಚಾಲಕರೂ ಸೇರಿ ಒಂಬತ್ತು ಜನ. ಹತ್ತನೆಯ ಆಸನ ಬಂದರೆ ಗಾಡಿ ಬಸ್ಸುಗಳ ಸಾಲಿನತ್ತ ಸರಿಯುತ್ತದೆ. ಯುರೋಪಿನಲ್ಲೂ ಇದೇ ಗೆರೆ. ದಕ್ಷಿಣ ಕೊರಿಯಾದಲ್ಲಿ ಒಂಬತ್ತು ಆಸನದ ಗಾಡಿಯಲ್ಲಿ ಆರು ಜನರಾದರೂ ಇದ್ದರೆ ಹೆದ್ದಾರಿಯ ಬಸ್ ಪಥದಲ್ಲಿ ಹೋಗಲು ಅವಕಾಶವಿದೆ. ಅಲ್ಲಿ ಒಂಬತ್ತು ಆಸನದ ವ್ಯಾನುಗಳು ಜನಪ್ರಿಯವಾಗಲು ಇದೂ ಒಂದು ಕಾರಣ.

ನಮ್ಮ ಮೋಟಾರು ವಾಹನ ಕಾಯ್ದೆ, 1988 ಬಾಡಿಗೆ ಗಾಡಿಗಳಿಗೆ ಇನ್ನೊಂದು ಗೆರೆ ಎಳೆದಿದೆ. ಚಾಲಕರನ್ನು ಬಿಟ್ಟು ಆರು ಪ್ರಯಾಣಿಕರವರೆಗೆ ಮೋಟಾರ್ ಕ್ಯಾಬ್, ಆರಕ್ಕಿಂತ ಹೆಚ್ಚು ಹನ್ನೆರಡರವರೆಗೆ ಮ್ಯಾಕ್ಸಿ ಕ್ಯಾಬ್. ಒಂಬತ್ತು ಆಸನದ ವ್ಯಾನನ್ನು ಬಾಡಿಗೆಗೆ ಓಡಿಸಿದರೆ ಅದು ಮ್ಯಾಕ್ಸಿ ಕ್ಯಾಬ್. ಹಳದಿ ಬೋರ್ಡು, ಪರ್ಮಿಟ್, ಎಫ್‌ಸಿ ಎಲ್ಲವೂ ಆ ಲೆಕ್ಕದಲ್ಲೇ ಆಗಬೇಕು.

ಮಾರುಕಟ್ಟೆಯಲ್ಲಿ ಏನಿದೆ

ನಮ್ಮ ಹಳ್ಳಿಗಳಿಗೆ ಪೆಟ್ರೋಲ್ ವ್ಯಾನ್ ಎಂದರೆ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ ಗಾಡಿಗೆ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ಶಕ್ತಿ ಸುಮಾರು 35 ಅಶ್ವಶಕ್ತಿ. ಎಂಟು ಆಸನದ ಓಮ್ನಿಯೂ ಇತ್ತು. 2019ರಲ್ಲಿ ಉತ್ಪಾದನೆ ನಿಂತಿತು. 2010ರಲ್ಲಿ ಬಂದ ಈಕೋ ಇಂದಿಗೂ ಮಾರಾಟದಲ್ಲಿದೆ. ಈಗಿನ ಈಕೋಗೆ 1,197 ಸಿ.ಸಿ. ಎಂಜಿನ್, ಸುಮಾರು 81 ಅಶ್ವಶಕ್ತಿ. ಆಸನಗಳು ಮಾತ್ರ ಏಳನ್ನು ದಾಟುವುದಿಲ್ಲ. ಸಿಎನ್‌ಜಿ ಜೊತೆಗೆ ಐದು ಲೀಟರಿನ ಸಣ್ಣ ಪೆಟ್ರೋಲ್ ಟ್ಯಾಂಕ್ ಇರುವ ಟಾಟಾ ಮ್ಯಾಜಿಕ್ ಚಾಲಕರೂ ಸೇರಿ ಹತ್ತು ಆಸನದ್ದು. ಅದರ ಎಂಜಿನ್ 694 ಸಿ.ಸಿ. ಮಾತ್ರ, ಊರಿಂದ ಊರಿಗೆ ನಿಧಾನವಾಗಿ ಓಡಲು ಮಾಡಿದ ಗಾಡಿ.

ಕಾರ್ಖಾನೆಯಿಂದಲೇ ಒಂಬತ್ತು ಆಸನದೊಂದಿಗೆ ಬರುವ ಗಾಡಿಗಳು ಬೇರೆ. ಮಹೀಂದ್ರಾದ ಸ್ಕಾರ್ಪಿಯೊ ಕ್ಲಾಸಿಕ್ ಮತ್ತು 2024ರಲ್ಲಿ ಬಂದ ಬೊಲೆರೊ ನಿಯೊ ಪ್ಲಸ್ ಎರಡೂ ಡೀಸೆಲ್. 2020ರಲ್ಲಿ ಕಿಯಾ ಕಂಪನಿ ಒಂಬತ್ತು ಆಸನದ ಕಾರ್ನಿವಲ್ ತಂದಾಗ ಅದೂ ಡೀಸೆಲ್. ಇದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಯಿತು. ಡೀಸೆಲ್ ಹೊಗೆ ಶುದ್ಧಗೊಳಿಸುವ ಉಪಕರಣ ದುಬಾರಿ. ಸಣ್ಣ ಗಾಡಿಗೆ ಆ ಖರ್ಚು ಹೊಂದುವುದಿಲ್ಲ, ದೊಡ್ಡ ಗಾಡಿಗೆ ಹೊಂದುತ್ತದೆ. ಹೀಗೆ ಸಣ್ಣ ವ್ಯಾನುಗಳು ಪೆಟ್ರೋಲ್ ಮತ್ತು ಸಿಎನ್‌ಜಿಗೆ, ದೊಡ್ಡವು ಡೀಸೆಲ್‌ಗೆ ಹಂಚಿಹೋದವು. ಕೊರಿಯಾದಲ್ಲಿ ಅದೇ ಕಾರ್ನಿವಲ್ ಒಂಬತ್ತು ಆಸನದಲ್ಲಿ ಪೆಟ್ರೋಲಿಗೂ ಸಿಗುತ್ತದೆ. ಆದರೆ ಅದರೊಳಗಿರುವುದು 3.5 ಲೀಟರಿನ, ಆರು ಸಿಲಿಂಡರಿನ, 290ಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್.

ಆದ್ದರಿಂದ ನಮ್ಮ ರಸ್ತೆಗಳಲ್ಲಿ ಕಾಣುವ ‘ಒಂಬತ್ತು ಜನರ ಪೆಟ್ರೋಲ್ ವ್ಯಾನ್’ ಹೆಚ್ಚಿನ ಸಲ ಏಳು ಅಥವಾ ಎಂಟು ಆಸನದ್ದೇ. ಮಿಕ್ಕವರು ಹೊಂದಿಸಿಕೊಂಡು ಕೂತಿರುತ್ತಾರೆ.

ಭಾರದ ಲೆಕ್ಕ

ಒಬ್ಬ ಪ್ರಯಾಣಿಕರಿಗೆ ಕೈಚೀಲವೂ ಸೇರಿ 75 ಕೆ.ಜಿ. ಎಂದಿಟ್ಟುಕೊಳ್ಳೋಣ. ಒಂಬತ್ತು ಜನಕ್ಕೆ 675 ಕೆ.ಜಿ. ಓಮ್ನಿಯ ಸ್ವಂತ ತೂಕ 800 ಕೆ.ಜಿ. ಆಸುಪಾಸು. ಚಾಲಕರೊಬ್ಬರೇ ಇದ್ದಾಗ ಪ್ರತಿ ಟನ್ನಿಗೆ ಸುಮಾರು 40 ಅಶ್ವಶಕ್ತಿ ಸಿಗುತ್ತದೆ. ಒಂಬತ್ತು ಜನ ಕೂತಾಗ ಅದು 24ಕ್ಕೆ ಇಳಿಯುತ್ತದೆ. ಎಂಜಿನ್ ಅದೇ, ರಸ್ತೆ ಅದೇ, ಗಾಡಿ ಮಾತ್ರ ಬೇರೆಯದೇ ಆಗಿಬಿಡುತ್ತದೆ.

ಈಕೋದಲ್ಲಿ ಶಕ್ತಿ ಹೆಚ್ಚು, ಹಾಗಾಗಿ ಎಳೆತದ ತೊಂದರೆ ಅಷ್ಟಿಲ್ಲ. ಅಲ್ಲಿ ತೊಡಕಾಗುವುದು ಸ್ಪ್ರಿಂಗು, ಟೈರು, ಬ್ರೇಕುಗಳಿಗೆ. ಏಳು ಜನಕ್ಕೆ ಮಾಡಿದ ಗಾಡಿಯಲ್ಲಿ ಇನ್ನಿಬ್ಬರು ಕೂತರೆ 150 ಕೆ.ಜಿ. ಹೆಚ್ಚುತ್ತದೆ. ಐವತ್ತು ಕೆ.ಜಿ.ಯ ಮೂರು ಮೂಟೆ ಅಕ್ಕಿಯನ್ನು ಹಿಂದಿನ ಸೀಟಿಗೆ ಹೇರಿದಂತೆ. ಆ ಭಾರ ಹಿಂಗಾಲಿಗಳ ಮೇಲೆ, ಕೆಲವೊಮ್ಮೆ ಅವುಗಳಿಗಿಂತ ಹಿಂದಕ್ಕೆ ಬೀಳುತ್ತದೆ. ಹಿಂಭಾಗ ಕುಗ್ಗಿ ಮುಂಭಾಗ ಏಳುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಟೈರಿನ ಬದಿಯಲ್ಲಿ ಅಳತೆಯ ಪಕ್ಕ ಒಂದು ಅಂಕಿ ಇರುತ್ತದೆ. ಅದು ಆ ಟೈರು ಹೊರಬಲ್ಲ ಭಾರದ ಸೂಚಿ. 80 ಎಂದಿದ್ದರೆ ಒಂದು ಟೈರಿಗೆ 450 ಕೆ.ಜಿ., 85 ಎಂದಿದ್ದರೆ 515 ಕೆ.ಜಿ. ಹೊಸ ಟೈರು ಹಾಕಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಈ ಅಂಕಿಯಲ್ಲಿ ಇಳಿಯಬಾರದು. ತುಂಬಿದ ಗಾಡಿಗೆ ಎಷ್ಟು ಗಾಳಿ ಇರಬೇಕೆಂಬುದನ್ನು ಗಾಡಿಗೆ ಅಂಟಿಸಿದ ಚೀಟಿಯಲ್ಲೋ ಮಾಲೀಕರ ಕೈಪಿಡಿಯಲ್ಲೋ ಬರೆದಿರುತ್ತಾರೆ. ಅದನ್ನು ನೋಡಿಯೇ ಹಾಕಿಸಬೇಕು.

ಎಳೆತ ಎಲ್ಲಿ ಸಿಗುತ್ತದೆ

ವಿವರದ ಹಾಳೆಯಲ್ಲಿ ಅಶ್ವಶಕ್ತಿಗಿಂತ ಟಾರ್ಕ್ ಎಂಬ ಸಾಲು ಮುಖ್ಯ. ಟಾರ್ಕ್ ಎಂದರೆ ಚಕ್ರವನ್ನು ತಿರುಗಿಸುವ ಬಲ. ಅದು ಎಷ್ಟಿದೆ ಎನ್ನುವಷ್ಟೇ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ ಸಿಗುತ್ತದೆ ಎನ್ನುವುದೂ ಮುಖ್ಯ. ಈಕೋದ ಪೆಟ್ರೋಲ್ ಎಂಜಿನ್‌ಗೆ 104.4 ನ್ಯೂಟನ್ ಮೀಟರ್, 3,000 ಸುತ್ತಿನಲ್ಲಿ. ಬೊಲೆರೊ ನಿಯೊ ಪ್ಲಸ್‌ನ 2.2 ಲೀಟರ್ ಡೀಸೆಲ್‌ಗೆ 280 ನ್ಯೂಟನ್ ಮೀಟರ್, 1,800 ಸುತ್ತಿನಿಂದಲೇ.

ರಸ್ತೆಯಲ್ಲಿ ಇದರ ಅರ್ಥ ಇಷ್ಟೇ. ಜಕ್ಕನಹಳ್ಳಿ ದಾಟಿ ಮೇಲುಕೋಟೆಯ ಏರು ಹತ್ತುವಾಗ ಡೀಸೆಲ್ ಗಾಡಿ ಮೇಲಿನ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ತುಂಬಿದ ಪೆಟ್ರೋಲ್ ವ್ಯಾನಿಗೆ ಮೊದಲೇ ಗೇರ್ ಇಳಿಸಿ, ಎಂಜಿನ್ನನ್ನು ಸುತ್ತಿನಲ್ಲಿಟ್ಟುಕೊಳ್ಳಬೇಕು. ಗಾಡಿ ಒದ್ದಾಡಲು ಶುರುವಾದ ಮೇಲೆ ಗೇರ್ ಹುಡುಕಿದರೆ ಕ್ಲಚ್ ಪ್ಲೇಟ್ ಸವೆಯುತ್ತದೆ. ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಏರಿನಲ್ಲಿ ಅದರ ಬಿಸಿ ಕೂತವರಿಗೇ ತಟ್ಟುತ್ತದೆ. ಹೊರಡುವ ಮೊದಲು ಕೂಲಂಟ್ ನೋಡಿಕೊಳ್ಳುವುದು ಕಡ್ಡಾಯ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಬಿಸಿಯಾದಷ್ಟೂ ಅದರ ಹಿಡಿತ ಕಡಿಮೆಯಾಗುತ್ತದೆ.

ಪೆಟ್ರೋಲ್ ವ್ಯಾನಿಗೆ ಅದರದೇ ಗುಣಗಳೂ ಇವೆ. ಸದ್ದು, ನಡುಕ ಕಡಿಮೆ. ಉದ್ದ ಕಡಿಮೆ ಇರುವುದರಿಂದ ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಗಳಲ್ಲಿ, ಕಿಕ್ಕೇರಿಯ ಸಂತೆಯ ಜನಸಂದಣಿಯಲ್ಲಿ ಸಲೀಸಾಗಿ ತಿರುಗುತ್ತದೆ. ರಿಪೇರಿ ಯಾವ ಹೋಬಳಿಯಲ್ಲೂ ಸಿಗುತ್ತದೆ. ಪಾಂಡವಪುರದಿಂದ ಚಿನಕುರಳಿ ಮಾರ್ಗವಾಗಿ ಕೆ.ಆರ್. ಪೇಟೆಗೆ, ನಾಗಮಂಗಲದಿಂದ ಬೆಳ್ಳೂರಿಗೆ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಇದು ತಕ್ಕ ಗಾಡಿ.

ಎಕ್ಸ್‌ಪ್ರೆಸ್‌ವೇ ಮತ್ತು ನಾಲೆ ಏರಿ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ವ್ಯಾನುಗಳಿಗೆ ಹೊಸ ಪರೀಕ್ಷೆ ಒಡ್ಡಿದೆ. ಎತ್ತರ ಹೆಚ್ಚು, ಅಗಲ ಕಡಿಮೆ ಇರುವ ಗಾಡಿಗೆ ಪಕ್ಕದಿಂದ ಬಸ್ಸೊಂದು ಹಾದುಹೋದರೂ ಗಾಳಿಯ ತಳ್ಳು ತಟ್ಟುತ್ತದೆ. ಕ್ಯಾರಿಯರ್ ಮೇಲೆ ಲಗೇಜ್ ಕಟ್ಟಿದ್ದರೆ ವಾಲುವ ಅಪಾಯ ಇನ್ನೂ ಹೆಚ್ಚು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಅಲ್ಲಿ 100 ಕಿ.ಮೀ. ಎಂಬುದು ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ತುಂಬಿದ ವ್ಯಾನಿಗೆ 80ರೊಳಗೆ, ಎಡದ ಪಥದಲ್ಲಿ ಹೋಗುವುದೇ ಸರಿ.

ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಗಳಲ್ಲಿ ಅಪಾಯ ಬೇರೆ ಬಗೆಯದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ ನಾಲೆಗೆ ಬಿದ್ದು ಶಾಲಾ ಮಕ್ಕಳೂ ಸೇರಿ ಸುಮಾರು 30 ಮಂದಿ ಜೀವ ಕಳೆದುಕೊಂಡರು. ಈ ಸೀಮೆಯ ಯಾರೂ ಅದನ್ನು ಮರೆತಿಲ್ಲ. ಗಾಡಿ ಕೊಳ್ಳುವಾಗ ಕೊನೆಯ ಸಾಲಿನಲ್ಲಿ ನೀವೇ ಕೂತು ನೋಡಿ. ಅಲ್ಲಿಂದ ಹೊರಬರುವ ದಾರಿ ಯಾವುದು? ಹಿಂಬಾಗಿಲು ಒಳಗಿನಿಂದ ತೆರೆಯುತ್ತದೆಯೇ? ಪ್ರತಿ ಸೀಟಿಗೂ ಬೆಲ್ಟ್ ಇದೆಯೇ? ಎದುರುಬದುರು ಕೂರುವ ಅಡ್ಡ ಸೀಟುಗಳಲ್ಲಿ ಅಪಘಾತದ ಹೊಡೆತವನ್ನು ತಡೆಯಲು ಬೆನ್ನಿಗೆ ಆಸರೆ ಇರುವುದಿಲ್ಲ. ಹಾಗಾಗಿ ಮಕ್ಕಳನ್ನು ಅಲ್ಲಿ ಕೂರಿಸಬಾರದು.

2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್ ಪಡೆಯಿತು. ಆಮೇಲೆ ಎಬಿಎಸ್ ಮತ್ತು ಏರ್‌ಬ್ಯಾಗ್‌ಗಳು ಬಂದಿವೆ. ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳುವವರು ಯಾವ ವರ್ಷದ್ದು, ಇವೆರಡೂ ಇವೆಯೇ ಎಂದು ವಿಚಾರಿಸಿಯೇ ಮುಂಗಡ ಕೊಡಬೇಕು.

ಮೈಲೇಜ್ ಮತ್ತು ಕಬ್ಬಿನ ನಂಟು

ಈಕೋ ಪೆಟ್ರೋಲಿನ ಘೋಷಿತ ಮೈಲೇಜ್ ಲೀಟರಿಗೆ 19.71 ಕಿ.ಮೀ. ಇದು ನಿಗದಿತ ಪರೀಕ್ಷೆಯಲ್ಲಿ ಬಂದ ಅಂಕಿ. ತುಂಬು ಭಾರ, ಹಂಪುಗಳು, ಎ.ಸಿ. ಸೇರಿದರೆ ಇಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಕಬ್ಬು ಎಥನಾಲಿನ ಒಂದು ಮುಖ್ಯ ಮೂಲ. ಹಾಗಾಗಿ ಕಬ್ಬಿನ ಬೆಳೆಗಾರರಾದ ಮಂಡ್ಯ ಸೀಮೆಯವರಿಗೆ ಇದು ಲಾಭದ ದಾರಿಯೂ ಹೌದು. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಮಿಶ್ರಣದ ಒಟ್ಟು ಶಕ್ತಿ ಶೇ 6-7ರಷ್ಟು ಇಳಿಯುತ್ತದೆ. ಹಳೆಯ ಓಮ್ನಿ ಇಟ್ಟುಕೊಂಡವರು ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ ಹತ್ತಿರ ಆಗಾಗ ತೋರಿಸಬೇಕು. ಅಡುಗೆ ಅನಿಲದ ಸಿಲಿಂಡರಿನಿಂದ ಗಾಡಿ ಓಡಿಸುವುದು ಕಾನೂನುಬಾಹಿರ, ಅದಕ್ಕಿಂತ ಹೆಚ್ಚಾಗಿ ಒಳಗಿರುವವರ ಪ್ರಾಣಕ್ಕೆ ಅಪಾಯ.

ಕಾನೂನು ಏನು ಹೇಳುತ್ತದೆ

ಆರ್‌ಸಿಯಲ್ಲಿ ನಮೂದಾದ ಆಸನ ಸಾಮರ್ಥ್ಯವೇ ಅಂತಿಮ. ಬಾಡಿಗೆ ಗಾಡಿಯಲ್ಲಿ ಹೆಚ್ಚು ಜನ ಹತ್ತಿಸಿದರೆ ಕಾಯ್ದೆಯ 194ಎ ಕಲಮಿನಂತೆ ಹೆಚ್ಚುವರಿಯಾದ ಪ್ರತಿಯೊಬ್ಬರಿಗೆ 200 ರೂಪಾಯಿ ದಂಡವಿದೆ. ಅವರನ್ನು ಇಳಿಸಿ ಬೇರೆ ವ್ಯವಸ್ಥೆ ಮಾಡುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ದಂಡಕ್ಕಿಂತ ದೊಡ್ಡದು ವಿಮೆಯ ವಿಷಯ. ಮಿತಿಗಿಂತ ಹೆಚ್ಚು ಜನರಿದ್ದ ಬಸ್ಸಿನ ಅಪಘಾತದ ಪ್ರಕರಣದಲ್ಲಿ, ವಿಮಾ ಕಂಪನಿಯ ಹೊಣೆ ಪಾಲಿಸಿಗೆ ಒಳಪಟ್ಟ ಪ್ರಯಾಣಿಕರ ಸಂಖ್ಯೆಗೆ ಸೀಮಿತ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಮಿಕ್ಕ ಪರಿಹಾರದ ಹೊಣೆ ಮಾಲೀಕರ ಹೆಗಲಿಗೇ ಬರುತ್ತದೆ, ಗದ್ದೆ ಮಾರಬೇಕಾದರೂ ಸರಿ.

ನಮ್ಮ ನಿಲುವು

ಮನೆಯಲ್ಲಿ ಆರೇಳು ಜನರಿದ್ದು, ಓಡಾಟ ಬಹುಪಾಲು ಈ ನಾಲ್ಕು ತಾಲ್ಲೂಕುಗಳೊಳಗೇ ಇದ್ದರೆ ಏಳು ಆಸನದ ಪೆಟ್ರೋಲ್ ವ್ಯಾನ್ ಒಳ್ಳೆಯ ಆಯ್ಕೆ. ಸದಾ ಒಂಬತ್ತು ಜನ ಹೋಗಬೇಕು, ಬೆಂಗಳೂರು–ಮಂಗಳೂರಿನ ದೂರ ಪಯಣವೂ ಇದೆ ಎನ್ನುವವರಿಗೆ ಕಾರ್ಖಾನೆಯಿಂದಲೇ ಒಂಬತ್ತು ಆಸನದೊಂದಿಗೆ ಬರುವ ಡೀಸೆಲ್ ಗಾಡಿಯೇ ತಕ್ಕದ್ದು. ವರ್ಷಕ್ಕೆ ಮೂರ್ನಾಲ್ಕು ಸಲ ಮಾತ್ರ ಅಷ್ಟು ಜನ ಹೊರಡುವ ಮನೆಯವರು ಆ ದಿನಗಳಿಗೆ ಹಳದಿ ಬೋರ್ಡಿನ ಮ್ಯಾಕ್ಸಿ ಕ್ಯಾಬ್ ಹಿಡಿಯಲಿ, ಇಲ್ಲವೇ ಇಬ್ಬರು ಸಾರಿಗೆ ಬಸ್ ಹತ್ತಲಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು, ಶಾಲೆಯ ಮಕ್ಕಳನ್ನು ದಿನವೂ ಕರೆದೊಯ್ಯುವ ಮಾಲೀಕರಲ್ಲಿ ನಮ್ಮ ಮನವಿ ಇಷ್ಟೇ: ಆರ್‌ಸಿಯಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಜನರನ್ನು ಹತ್ತಿಸಿ, ಹತ್ತಿದ ಪ್ರತಿಯೊಬ್ಬರಿಗೂ ಬೆಲ್ಟ್ ಹಾಕಿಸಿ.