ಇಪ್ಪತ್ತನಾಲ್ಕು ಕಣಗಳ ಸಾಕ್ಷ್ಯ

ಸೂಪರ್‌ನೋವಾದಿಂದ (ನಕ್ಷತ್ರದ ಸಿಡಿತದಿಂದ) ಬರುವ ನ್ಯೂಟ್ರಿನೊ ಎಂಬ ಕಣಗಳ ಮೂಲಕ ಅತಿಸಾಂದ್ರ ದ್ರವ್ಯವನ್ನು ಅರಿಯಬಹುದು ಎಂದಾಗಲೆಲ್ಲ ಕೆಲವು ಆಕ್ಷೇಪಗಳು ಏಳುತ್ತವೆ. ಒಂದೊಂದನ್ನೂ ಎತ್ತಿಕೊಂಡು ಉತ್ತರಿಸುತ್ತೇನೆ.

ಮೊದಲನೆಯದು: 'ಯಾವುದಕ್ಕೂ ತಾಗದ ನ್ಯೂಟ್ರಿನೊ ದ್ರವ್ಯದ ಬಗ್ಗೆ ಏನು ಹೇಳೀತು?' ಭೂಮಿಯನ್ನೇ ತೂರಿಹೋಗುವ ಈ ಕಣಕ್ಕೂ ಕುಸಿದ ನಕ್ಷತ್ರದ ಗರ್ಭದಲ್ಲಿ ಸಲೀಸು ದಾರಿಯಿಲ್ಲ. ಅಲ್ಲಿ ಒಂದು ಘನ ಸೆಂಟಿಮೀಟರ್ ದ್ರವ್ಯವೇ ಹತ್ತಾರು ಕೋಟಿ ಟನ್ ತೂಗುತ್ತದೆ. ತಡೆಯಿಲ್ಲದಿದ್ದರೆ ಆ ಗರ್ಭ ದಾಟಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಆದರೆ ಡಿಕ್ಕಿಯ ಮೇಲೆ ಡಿಕ್ಕಿ ಹೊಡೆದು ಹೊರಬೀಳಲು ಸೆಕೆಂಡುಗಳೇ ಹಿಡಿಯುತ್ತವೆ. ಒಳಗಿನ ಸಾಂದ್ರತೆ, ತಾಪಗಳ ಸುಳಿವು ಆ ವಿಳಂಬದಲ್ಲಿದೆ.

ಎರಡನೆಯದು: 'ಈವರೆಗೆ ಸಿಕ್ಕಿದ್ದು ಬೆರಳೆಣಿಕೆಯ ಕಣಗಳು.' ನಿಜ. 1987ರ ಫೆಬ್ರುವರಿ 23ರಂದು, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಸಿಡಿತದಿಂದ ಜಪಾನಿನ ಕಾಮಿಯೊಕಾಂಡೆ ಡಿಟೆಕ್ಟರ್‌ಗೆ 11 ನ್ಯೂಟ್ರಿನೊ, ಅಮೆರಿಕದ ಐಎಂಬಿಗೆ 8, ಸೋವಿಯತ್ ಒಕ್ಕೂಟದ ಬಕ್ಸಾನ್‌ಗೆ 5 ಸಿಕ್ಕವು. ಅವು ಹತ್ತು ಸೆಕೆಂಡಿಗೂ ಮಿಕ್ಕಿ ಹರಡಿ ಬಂದವು. ಲೆಕ್ಕ ಹಾಕಿದ ಒಟ್ಟು ಶಕ್ತಿ, ಕುಸಿದ ಗರ್ಭ ನ್ಯೂಟ್ರಾನ್ ನಕ್ಷತ್ರವಾಗಿ ಹುಟ್ಟುವುದಕ್ಕೆ ಸರಿಹೊಂದಿತು. ಆ ದ್ರವ್ಯ ಎಷ್ಟು ಗಡುಸು ಎಂದು ತೀರ್ಮಾನಿಸಲು 24 ಕಣ ಸಾಲವು, ಒಪ್ಪುತ್ತೇನೆ. ಆದರೆ ನಮ್ಮ ಗೆಲಾಕ್ಸಿಯಲ್ಲೇ ನಕ್ಷತ್ರ ಸಿಡಿದರೆ, 50,000 ಟನ್ ನೀರಿನ ಸೂಪರ್ ಕಾಮಿಯೊಕಾಂಡೆ ಒಂದಕ್ಕೇ ಸಾವಿರಾರು ಕಣ ಸಿಗುತ್ತವೆ. ಗರ್ಭದಲ್ಲಿ ನ್ಯೂಟ್ರಾನುಗಳು ಕರಗಿ ಅವುಗಳೊಳಗಿನ ಕ್ವಾರ್ಕ್ ಕಣಗಳ ದ್ರವ್ಯವಾದರೆ ನ್ಯೂಟ್ರಿನೊಗಳ ಎರಡನೇ ಅಲೆ ಹೊಮ್ಮಬಹುದೆಂದು ಗಣನೆಗಳು ತೋರಿಸುತ್ತವೆ. ಅದು ಕಾಣಲು ಅಷ್ಟು ಕಣಗಳು ಬೇಕೇ ಬೇಕು.

ಮೂರನೆಯದು: 'ಎಕ್ಸ್-ಕಿರಣ, ಗುರುತ್ವ ತರಂಗಗಳು ಸಾಲವೇ?' ನ್ಯೂಟ್ರಾನ್ ನಕ್ಷತ್ರದ ಗಾತ್ರ, ತೂಕವನ್ನು ಅವು ಚೆನ್ನಾಗಿ ಅಳೆಯುತ್ತವೆ. ಆದರೆ ಅದು ಹೆಚ್ಚಾಗಿ ತಣಿದು ಹಳತಾದ ನಕ್ಷತ್ರದ ಅಳತೆ. ಹುಟ್ಟಿದ ಕ್ಷಣದ ಕುದಿಯುವ ಗರ್ಭದಿಂದ ಶಕ್ತಿಯ ನೂರರಲ್ಲಿ ಸುಮಾರು 99 ಪಾಲು ಹೊತ್ತು ಬರುವುದು ನ್ಯೂಟ್ರಿನೊ.

ಕೊನೆಯದು: 'ಶತಮಾನಕ್ಕೆ ಒಂದೆರಡು ಸಿಡಿತಕ್ಕಾಗಿ ಇಷ್ಟು ಖರ್ಚೇ?' ಈ ಡಿಟೆಕ್ಟರ್‌ಗಳು ಸುಮ್ಮನೆ ಕಾದು ಕೂತಿಲ್ಲ. ಕಾಮಿಯೊಕಾಂಡೆಯನ್ನು ಕಟ್ಟಿದ್ದೇ ಪ್ರೋಟಾನ್ ಕ್ಷಯ ಹುಡುಕಲು. ಸೂಪರ್ ಕಾಮಿಯೊಕಾಂಡೆ 1998ರಲ್ಲಿ ನ್ಯೂಟ್ರಿನೊ ರೂಪ ಬದಲಿಸುತ್ತದೆ, ಅದಕ್ಕೆ ತೂಕವಿದೆ ಎಂದು ತೋರಿಸಿತು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಪತ್ತೆಯಾಗಿತ್ತು.

ಸಿಡಿತ ಹೇಳಿ ಬರುವುದಿಲ್ಲ. ಅದರ ಮಾತು ಮುಗಿಯುವುದು ಸೆಕೆಂಡುಗಳಲ್ಲಿ. ಆ ಹೊತ್ತಿಗೆ ಡಿಟೆಕ್ಟರ್ ಆರಿದ್ದರೆ ಆ ಸಾಕ್ಷ್ಯ ಮತ್ತೆ ಸಿಗದು. ಆದ್ದರಿಂದ ಈ ಡಿಟೆಕ್ಟರ್‌ಗಳನ್ನು ಬೆಳೆಸಬೇಕು, ಎಂದೂ ಆರಿಸಬಾರದು.